ನಿಮ್ಮ ಪ್ರಶ್ನೆ ಯಾವುದು?

ಪಿಎಚ್.ಡಿ. ಸಂದರ್ಶನದ ಪತ್ರ ಬಂದ ದಿನದಿಂದ ಹಾವೇರಿ, ರಾಣೆಬೆನ್ನೂರು ಕಡೆಯ ಹುಡುಗ ಹುಡುಗಿಯರಿಗೆ ಇಂಗ್ಲಿಷಿನ ಅಂಜಿಕೆ ಶುರುವಾಗುತ್ತದೆ. ಪ್ರಾಧ್ಯಾಪಕರ ಎದುರು ನಾಲಿಗೆ ತೊದಲಿದರೆ ಏನು ಗತಿ? ಆ ಅಂಜಿಕೆಯಲ್ಲಿ ಕೆಲವರು ಯಾರದೋ ಹಳೆಯ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಜೆರಾಕ್ಸ್ ಮಾಡಿಸಿ, ಜಿಲ್ಲೆಯ ಹೆಸರು ಬದಲಿಸಿ, ಬಾಯಿಪಾಠಕ್ಕೆ ಕೂರುತ್ತಾರೆ. ಇದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ತೊದಲಿದ ಮಾತನ್ನು ಯಾರಾದರೂ ಮನ್ನಿಸಿಯಾರು. ಎರವಲು ತಂದ ಪ್ರಶ್ನೆ ಎರಡನೇ ಮಾತಿಗೇ ಬಯಲಾಗುತ್ತದೆ.

ಯುಜಿಸಿಯ 2022ರ ನಿಯಮದಂತೆ ಪ್ರವೇಶ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30. ಮೊದಲನೆಯದನ್ನು ಓದಿ ದಾಟಬಹುದು. ಎರಡನೆಯದರಲ್ಲಿ 'ಇದೇ ವಿಷಯ ಏಕೆ?' ಎಂದು ಕೇಳುತ್ತಾರೆ. ಸೀಟು ಸಿಕ್ಕರೆ ಕನಿಷ್ಠ 3 ವರ್ಷ, ಹೆಚ್ಚಾದರೆ 6 ವರ್ಷ ಆ ವಿಷಯದೊಂದಿಗೇ ಬಾಳಬೇಕು. ತನ್ನದಲ್ಲದ ಪ್ರಶ್ನೆಯೊಂದಿಗೆ ಅಷ್ಟು ವರ್ಷ ಬಾಳುವುದು ತನಗೆ ತಾನೇ ಮಾಡಿಕೊಳ್ಳುವ ಅನ್ಯಾಯ.

ನಮ್ಮ ಸೀಮೆಗೆ ಪ್ರಶ್ನೆಗಳ ಬರವೇ? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಕಡುಗೆಂಪು. ಅದರ ಬಣ್ಣ ತೆಗೆದು ದೂರ ದೇಶಗಳಿಗೆ ಕಳಿಸುತ್ತಾರೆ. ಕೆಮ್ಮುತ್ತ, ಸೀನುತ್ತ ದಿನವಿಡೀ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈಗೆ, ಉಸಿರಿಗೆ ಏನಾಗಿದೆ? ಬ್ಯಾಡಗಿಯ ಡಬ್ಬಿ ತಳಿಯ ಬೀಜವನ್ನು ಇನ್ನೂ ಮನೆಯಲ್ಲೇ ಕಾಪಿಟ್ಟವರು ಯಾರು? ರಾಣೆಬೆನ್ನೂರಿನ ಸುತ್ತ ಹೈಬ್ರಿಡ್ ಬೀಜಕ್ಕಾಗಿ ಹೂವಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುವವರ ಜಾಣ್ಮೆಗೆ ಲೆಕ್ಕ ಇಟ್ಟವರು ಯಾರು? ಅಲ್ಲೇ 1974ರಿಂದ ಕೃಷ್ಣಮೃಗಗಳ ಅಭಯಾರಣ್ಯವಿದೆ. ಹೊಲದ ಬೆಳೆಗೆ ಬರುವ ಜಿಂಕೆ, ಆ ಬೆಳೆಯನ್ನು ಕಾಯುವ ರೈತ, ಇಬ್ಬರ ಪರವಾಗಿಯೂ ಯೋಚಿಸುವವರು ಬೇಕು. ಜಾನಪದ ಓದಿದವರಿಗಂತೂ ಗೊಟಗೋಡಿಯಲ್ಲಿ ವಿಶ್ವವಿದ್ಯಾಲಯವೇ ಇದೆ.

ಊರಿನ ವಿಷಯವನ್ನೇ ಆರಿಸಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಗಣಿತದವರು, ಭೌತಶಾಸ್ತ್ರದವರು ತಮ್ಮ ದಾರಿಯಲ್ಲಿ ಹೋಗಲಿ. ಆದರೆ ಆರಿಸಿದ ಪ್ರಶ್ನೆ ನಿಮ್ಮನ್ನು ರಾತ್ರಿ ಎಬ್ಬಿಸಿ ಕೂರಿಸಿದ್ದಿರಬೇಕು. ಹಾಗಿದ್ದರೆ ಗೊತ್ತಿಲ್ಲದ್ದನ್ನು ಕೇಳಿದಾಗ, 'ಗೊತ್ತಿಲ್ಲ ಸರ್, ಅದನ್ನೇ ಹುಡುಕಬೇಕೆಂದಿದ್ದೇನೆ' ಎನ್ನಲು ಅಳುಕಿರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತೆಂದು ನಟಿಸಿ ಒಳಗೆ ಹೋದವರು ಮುಂದೆ ಅಂಕಿಅಂಶದಲ್ಲೂ ನಟಿಸುತ್ತಾರೆ, ಪ್ರಬಂಧದಲ್ಲೂ ನಟಿಸುತ್ತಾರೆ.

ತಮ್ಮಾ, ತಂಗೀ, ನಿಮ್ಮ ವಿಷಯವನ್ನು ಮನೆಯ ಕನ್ನಡದಲ್ಲಿ ಅವ್ವನಿಗೆ ಒಮ್ಮೆ ಹೇಳಿನೋಡಿ. ಅವಳು ತಿರುಗಿ ಕೇಳುವ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ಜೆರಾಕ್ಸ್ ಪ್ರತಿಯನ್ನು ಪಕ್ಕಕ್ಕಿಟ್ಟು, ಸಿನಾಪ್ಸಿಸ್ಸನ್ನು ಮೊದಲ ಸಾಲಿನಿಂದ ನೀವೇ ಬರೆಯಿರಿ.