ವಾಗ್ಗೇಯಕಾರನ ಋಣ ಮತ್ತು ಪರಿಷ್ಕರ್ತನ ಧರ್ಮ

ಕವಿಯು ಗತಿಸಿದ ಮೇಲೂ ಓಲೆಗರಿ ಉಳಿದುದಾದರೆ ಓದುವವನಿಗೆ ಕವಿಯ ಮಾತು ನೇರವಾಗಿ ದೊರೆಯುವುದು. ವಾಗ್ಗೇಯಕಾರನ ಪಾಡು ಹಾಗಲ್ಲ. ಆತನ ಕೃತಿಯು ಮತ್ತೊಬ್ಬನ ಕಂಠದಲ್ಲಿಯೋ ಬೆರಳಿನಲ್ಲಿಯೋ ಪ್ರತಿಸಲವೂ ಹೊಸದಾಗಿ ಹುಟ್ಟಬೇಕು. ಆದುದರಿಂದ ಅಂತಹವನ ಕೃತಿಗಳನ್ನು ಶೋಧಿಸಿ ಅಚ್ಚುಮಾಡಿಸುವವನು ಓದುಗನ ಕೈಗೆ ಪುಸ್ತಕವನ್ನು ಕೊಡುವುದಷ್ಟೇ ಅಲ್ಲ, ಹಾಡುವವನ ಬಾಯಿಗೆ ಸ್ವರವನ್ನೂ ಕೊಡುವನು. ಈ ಅಧಿಕಾರವು ಅವನಿಗೆ ಎಲ್ಲಿಂದ ಬಂದಿತು? ಅದರ ಎಲ್ಲೆ ಯಾವುದು? ಮೇಲುನೋಟಕ್ಕೆ ಇದು ಪಾಂಡಿತ್ಯದ ಪ್ರಶ್ನೆಯೆಂದು ತೋರಿದರೂ ಬುಡದಲ್ಲಿ ಧರ್ಮದ ಪ್ರಶ್ನೆಯೇ ಆಗಿರುವುದು.

ಪಾಶ್ಚಾತ್ಯ ದೇಶಗಳಲ್ಲಿ ಈ ಪ್ರಶ್ನೆಯು ಬಹು ಸ್ಪಷ್ಟವಾಗಿ ಎದ್ದಿತು. ಅಲ್ಲಿಯ ಸಿಂಫನಿ ಎಂಬ ಕೃತಿಯನ್ನು ಅನೇಕ ವಾದಕರು ಒಟ್ಟಾಗಿ ನುಡಿಸುವರು. ಪ್ರತಿಯೊಬ್ಬನ ಮುಂದೆಯೂ ತನ್ನ ಪಾಲಿನ ಸ್ವರಗಳ ಹಾಳೆ ಇರುವುದು. ಹಾಳೆಯಲ್ಲಿ ತಪ್ಪಿದ್ದರೆ ಇಡೀ ಮೇಳವೇ ತಪ್ಪುವುದು. ಬೀಥೋವನ್ ಮಹಾಶಯನ ಐದನೆಯ ಸಿಂಫನಿಯು 1808ರಲ್ಲಿ ಮೊದಲು ನುಡಿಸಲ್ಪಟ್ಟಿತು. ಅಚ್ಚಿನ ಪ್ರತಿಯ ಮೂರನೆಯ ಭಾಗದಲ್ಲಿ ತಾಳದ ಎರಡು ಅಳತೆಗಳಷ್ಟು ಸ್ವರವು ಹೆಚ್ಚಾಗಿ ಸೇರಿಕೊಂಡಿತ್ತು. ಅದನ್ನು ತೆಗೆದುಹಾಕಬೇಕೆಂದು ಆತನೇ 1810ರಲ್ಲಿ ಪ್ರಕಾಶಕರಿಗೆ ಕಾಗದ ಬರೆದನು. ಆದರೂ ಆ ತಪ್ಪು ತಿದ್ದಲ್ಪಟ್ಟುದು 1846ರಲ್ಲಿ, ಮೆಂಡೆಲ್ಸೋನನ ಒತ್ತಾಯದಿಂದ. ಮೂವತ್ತಾರು ವರ್ಷಗಳ ಕಾಲ ಸಭೆಗಳು ಕೇಳಿ ಕೊಂಡಾಡಿದುದರಲ್ಲಿ ಕರ್ತೃವಿಗೆ ಬೇಡವಾದ ಸ್ವರಗಳೂ ಸೇರಿದ್ದವು. ಇಂತಹ ಕಡೆ ಪರಿಷ್ಕರ್ತನ ಕೆಲಸವು ಸಂದೇಹಕ್ಕೆ ಆಸ್ಪದವಿಲ್ಲದ ಉಪಕಾರ. ಕರ್ತೃವಿನ ಮಾತೇ ಸಾಕ್ಷಿಯಾಗಿರುವಾಗ ಕೇಳುವವರ ಅಭ್ಯಾಸವು ಅದಕ್ಕೆ ಅಡ್ಡಬರಲಾಗದು.

ಆದರೆ ಎಲ್ಲ ಸಂದರ್ಭಗಳೂ ಇಷ್ಟು ಸುಲಭವಲ್ಲ. ಬ್ರೂಕ್ನರ್ (1824–1896) ತನ್ನ ಎಂಟನೆಯ ಸಿಂಫನಿಯನ್ನು 1887ರಲ್ಲಿ ಒಂದು ರೂಪಕ್ಕೆ ತಂದು, 1890ರಲ್ಲಿ ಅದನ್ನೇ ಬೇರೊಂದು ರೂಪಕ್ಕೆ ತಿದ್ದಿದನು. ಮಿತ್ರರ ಸಲಹೆಗಳು ಆ ತಿದ್ದುಪಾಟಿನಲ್ಲಿ ಎಷ್ಟು ಸೇರಿವೆಯೆಂಬ ಸಂದೇಹವು ಹುಟ್ಟಿತು. ರಾಬರ್ಟ್ ಹಾಸ್ ಎಂಬ ಪಂಡಿತನು 1939ರಲ್ಲಿ ಕೃತಿಯನ್ನು ಪ್ರಕಟಿಸುವಾಗ, ಎರಡನೆಯ ರೂಪವನ್ನೇ ಆಧಾರವಾಗಿಟ್ಟುಕೊಂಡು, ಮೊದಲನೆಯ ರೂಪದಿಂದ ಕೆಲವು ಭಾಗಗಳನ್ನು ತಂದು ಅದರಲ್ಲಿ ಹೆಣೆದನು. ಮುಂದೆ ಲಿಯೋಪೋಲ್ಡ್ ನೋವಾಕನು 1955ರಲ್ಲಿ ಒಂದು ರೂಪವನ್ನೂ 1972ರಲ್ಲಿ ಮತ್ತೊಂದನ್ನೂ ಬೇರೆಬೇರೆಯಾಗಿ ಅಚ್ಚುಮಾಡಿಸಿದನು. ಹಾಸನ ಪಾಠವೇ ಹೆಚ್ಚು ಸುಂದರವೆಂದು ಅದನ್ನೇ ಆರಿಸಿಕೊಳ್ಳುವ ವಾದ್ಯವೃಂದ ನಾಯಕರು ಇಂದಿಗೂ ಉಂಟು. ಅದು ಸುಂದರವೇ ಇರಬಹುದು. ಆದರೆ ಕರ್ತೃವು ಎಂದೂ ಹಾಗೆ ಜೋಡಿಸಿರದ ಕೃತಿಯೊಂದು ಅವನ ಹೆಸರಿನಲ್ಲಿ ಸಭೆಗೆ ಬಂದಿತು. ಸೌಂದರ್ಯವು ಪರರ ಹೆಸರನ್ನು ಬಳಸಿಕೊಳ್ಳುವ ಹಕ್ಕನ್ನು ಕೊಡುವುದೆ?

ಕನ್ನಡಿಗರಿಗೆ ಈ ಪ್ರಶ್ನೆಯು ಹೊಸದಲ್ಲ. ಇಲ್ಲಿ ಅದರ ಹೆಸರು ಅಂಕಿತ. ‘ಪುರಂದರವಿಠಲ’ ಎಂಬ ಮುದ್ರೆ ಬಿದ್ದಿತೆಂದರೆ ಆ ಪದವು ಪುರಂದರದಾಸರದೆಂದು (1484–1564) ಕೈಮುಗಿಯುವುದು ಜನರ ವಾಡಿಕೆ. ದಾಸರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಪದಗಳನ್ನು ರಚಿಸಿದರೆಂದು ಐತಿಹ್ಯವು ಹೇಳುವುದು; ದೊರೆತಿರುವುವು ಅದರ ಒಂದು ಅಲ್ಪಾಂಶ ಮಾತ್ರ. ಬಾಯಿಂದ ಬಾಯಿಗೆ ಬಂದ ಪದಗಳಲ್ಲಿ ನುಡಿಗಳು ಹಿಂದುಮುಂದಾಗುವುದು, ಒಬ್ಬ ದಾಸರ ಪದಕ್ಕೆ ಮತ್ತೊಬ್ಬರ ಅಂಕಿತವು ಅಂಟಿಕೊಳ್ಳುವುದು ಸಹಜವೇ ಸರಿ. 1850ರಲ್ಲಿ ಹರ್ಮನ್ ಮೋಗ್ಲಿಂಗನು ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚುಮಾಡಿಸಿದಂದಿನಿಂದ ಅನೇಕ ಸಂಗ್ರಹಗಳು ಹೊರಬಂದುವು. ಅವುಗಳಿಂದ ಸಾಹಿತ್ಯವು ಉಳಿಯಿತು. ದಾಸರು ಹಾಡಿದ ಧಾಟಿಯಾದರೋ ಬಹುಮಟ್ಟಿಗೆ ಮರೆಯಾಯಿತು. ಇಂದು ಕಛೇರಿಗಳಲ್ಲಿ ಕೇಳಿಬರುವ ರಾಗಗಳಲ್ಲಿ ಬಹುಪಾಲು ಈಚಿನ ವಿದ್ವಾಂಸರ ಸಂಯೋಜನೆ. ಮೈಸೂರಿನ ಬಿಡಾರಂ ಕೃಷ್ಣಪ್ಪನವರಂಥ (1866–1931) ಗಾಯಕರು ದೇವರನಾಮಗಳಿಗೆ ಕಛೇರಿಯಲ್ಲಿ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟುದು ಸ್ತುತ್ಯವೇ. ಆದರೆ ‘ಪುರಂದರದಾಸರ ಕೃತಿ’ ಎಂದು ಸ್ವರಸಹಿತ ಅಚ್ಚುಮಾಡುವವನು, ಸಾಹಿತ್ಯ ಯಾರದು, ಧಾತು ಯಾರದು ಎಂಬುದನ್ನು ಬಿಡಿಸಿ ಹೇಳದೆ ಇದ್ದರೆ, ಆ ಮೌನವು ಸುಳ್ಳಿಗೆ ಸಮೀಪವಾದುದು.

ಹೀಗೆ ಮಾಡಲು ಸಾಧ್ಯವೆಂಬುದಕ್ಕೆ ದಕ್ಷಿಣದೇಶದಲ್ಲಿಯೇ ಮೇಲ್ಪಂಕ್ತಿಯುಂಟು. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಲ್ಲಿ ತೆಲುಗು ಲಿಪಿಯಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಮುತ್ತುಸ್ವಾಮಿ ದೀಕ್ಷಿತರ 229 ಕೃತಿಗಳು ಸ್ವರಲಿಪಿಯೊಡನೆ, ಗಮಕಗಳ ಚಿಹ್ನೆಗಳೊಡನೆ ಇವೆ. ಮನೆತನದ ವಿದ್ಯೆಯನ್ನು ಬಚ್ಚಿಟ್ಟುಕೊಳ್ಳದೆ ಲೋಕಕ್ಕೆ ಕೊಟ್ಟುದು ಒಂದು ಗುಣ. ತಾವು ಯಾವ ಪರಂಪರೆಯ ಸಾಕ್ಷಿಯೆಂಬುದನ್ನು ಮರೆಸದೆ ಕೊಟ್ಟುದು ಅದಕ್ಕಿಂತ ಹಿರಿದಾದ ಗುಣ.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪವು ಬರುವುದು. ಮಧುಗಿರಿಯ ಅಥವಾ ಕೊರಟಗೆರೆಯ ಸೀಮೆಯ ಭಜನೆಮನೆಯಲ್ಲಿ ಶನಿವಾರದ ರಾತ್ರಿ ತಾಳ ಹಿಡಿದು ಕುಳಿತ ಹಿರಿಯನೊಬ್ಬನು, “ಅಜ್ಜ ಹೇಳಿಕೊಟ್ಟದ್ದೇ ಈ ಪದ. ಇಷ್ಟು ವರ್ಷ ದೇವರು ಇದನ್ನೇ ಕೇಳಿದ್ದಾನಲ್ಲ ಸ್ವಾಮಿ! ಈಗ ನಿಮ್ಮ ಪುಸ್ತಕ ಬಂದು ಇದು ಅಶುದ್ಧ ಅಂದರೆ ಹೇಗೆ?” ಎಂದು ಕೇಳಿದರೆ ಉತ್ತರವೇನು? ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ತರವಲ್ಲ. ಪುಸ್ತಕಗಳಿಲ್ಲದ ಕಾಲದಲ್ಲಿ ಪದವನ್ನು ಜೀವಂತವಾಗಿ ಇಟ್ಟವರು ಇಂತಹ ಹಿರಿಯರೇ. ಪಾವಗಡವನ್ನು ಆಂಧ್ರದೇಶವು ಬಹುತೇಕ ಸುತ್ತುವರಿದಿರುವುದು. ಅಲ್ಲಿ ಕನ್ನಡದ ಪದವೊಂದು ತೆಲುಗು ಉಚ್ಚಾರದ ನೆರಳಿನಲ್ಲಿ ನಿಂತಿದ್ದರೆ ಅದು ಕೆಡುಕಲ್ಲ, ಆ ಪದವು ನಡೆದುಬಂದ ದಾರಿಯ ಗುರುತು. ಆ ಗುರುತನ್ನು ಅಳಿಸಿಹಾಕುವವನು ಒಂದು ಸಾಕ್ಷ್ಯವನ್ನೇ ನಾಶಮಾಡಿದಂತೆ.

ಮೂಲಕರ್ತೃವೇ ಇಲ್ಲದ ಹಾಡುಗಳಲ್ಲಿ ಈ ಎಚ್ಚರವು ಇನ್ನೂ ಹೆಚ್ಚಾಗಿರಬೇಕು. ಶಿರಾ, ಪಾವಗಡದ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆಯೆಂಬ ಉದ್ದನೆಯ ಬಿದಿರಿನ ವಾದ್ಯವನ್ನು ಊದಿ ಜುಂಜಪ್ಪನ ಕಥೆಯನ್ನು ಹಾಡುವ ಸಂಪ್ರದಾಯವಿದೆ. ಅದಕ್ಕೆ ಒಬ್ಬ ವಾಗ್ಗೇಯಕಾರನಿಲ್ಲ. ಹಾಡುವ ಪ್ರತಿಯೊಬ್ಬನೂ ಆ ಹೊತ್ತಿಗೆ ಕರ್ತೃವೇ. ಹತ್ತು ಹಾಡುಗಾರರ ಪಾಠಗಳನ್ನು ಕಲಸಿ ‘ಮೂಲ’ವೊಂದನ್ನು ಕಟ್ಟುವುದು ಇಲ್ಲದ ತಂದೆಯನ್ನು ಹುಟ್ಟಿಸಿದಂತೆ. ಇಲ್ಲಿ ಶುದ್ಧಪಾಠವೆಂದರೆ, ಇಂತಹ ಹಟ್ಟಿಯ ಇಂತಹವನು ಇಂತಹ ದಿನ ಹೀಗೆ ಹಾಡಿದನೆಂದು ನಿಜವಾಗಿ ಬರೆದಿಡುವುದೇ ಹೊರತು ಬೇರಲ್ಲ. ಅಚ್ಚಾದುದೊಂದೇ ಸರಿಯೆಂಬ ಭ್ರಮೆಯು ಹರಡಿದರೆ ಉಳಿದ ಒಂಬತ್ತು ಬಾಯಿಗಳು ಸಂಕೋಚದಿಂದ ಮುಚ್ಚಿಹೋಗುವುವು.

ಹಾಗಾದರೆ ಎಲ್ಲ ಪಾಠಗಳನ್ನೂ ಕೊಟ್ಟು ಸುಮ್ಮನಾಗಬಹುದೆ? ಆಗದು. ಪುಣೆಯ ಭಂಡಾರ್ಕರ್ ಸಂಸ್ಥೆಯು 1919ರಲ್ಲಿ ಮೊದಲುಮಾಡಿ 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣದಲ್ಲಿ ಓದುಗನು ಪುಟದ ಕೆಳಗಿನ ಪಾಠಾಂತರಗಳನ್ನು ನಿಧಾನವಾಗಿ ತೂಗಬಹುದು. ವಾದಕನಿಗೆ ಆ ಬಿಡುವಿಲ್ಲ. ತಾಳ ಬಿದ್ದ ಕ್ಷಣದಲ್ಲಿ ಕಮಾನು ಒಂದು ಸ್ವರದ ಮೇಲೆಯೇ ಓಡಬೇಕು. ಅಡಿಟಿಪ್ಪಣಿಯನ್ನು ನುಡಿಸಲು ಬಾರದು. ಆದುದರಿಂದ ಪರಿಷ್ಕರ್ತನು ಆರಿಸಲೇಬೇಕು. ಆರಿಸುವುದು ದೋಷವಲ್ಲ, ಆರಿಸಿದೆನೆಂಬುದನ್ನು ಮುಚ್ಚಿಡುವುದು ದೋಷ. ನುಡಿಸುವವನ ಹಾಳೆ ನಿರ್ಮಲವಾಗಿರಲಿ. ಆದರೆ ಪ್ರತಿಯೊಂದು ಆಯ್ಕೆಗೂ ಕಾರಣವು ಬೇರೊಂದೆಡೆ ಬರೆದಿರಲಿ. ಆಗ ಮುಂದಿನವನು ಅದನ್ನು ಪರೀಕ್ಷಿಸಬಹುದು, ಬೇಕಾದರೆ ತಿರಸ್ಕರಿಸಲೂಬಹುದು.

ಇನ್ನೊಂದು ತೊಡಕು ಹಣದ್ದು. ಫ್ರಾನ್ಸಿನ ಲಲಾಂದನು 1726ರಲ್ಲಿ ಗತಿಸಿದವನು. ಅವನ ಕೃತಿಗಳು ಯಾರ ಸೊತ್ತೂ ಅಲ್ಲ. ಅವನ್ನು ಪರಿಷ್ಕರಿಸಿದ ಲಯೊನೆಲ್ ಸಾಕಿನ್ಸ್ ಎಂಬ ವಿದ್ವಾಂಸನಿಗೆ ತನ್ನ ಪರಿಷ್ಕರಣದ ಮೇಲೆ ಕೃತಿಸ್ವಾಮ್ಯವುಂಟೆಂದು 2005ರಲ್ಲಿ ಇಂಗ್ಲೆಂಡಿನ ಮೇಲ್ಮನವಿಯ ನ್ಯಾಯಾಲಯವು ತೀರ್ಪಿತ್ತಿತು. ದುಡಿದವನಿಗೆ ಕೂಲಿ ಸಲ್ಲಬೇಕಾದುದು ನ್ಯಾಯವೇ. ಆದರೂ ಇಲ್ಲೊಂದು ವಿಚಿತ್ರವುಂಟು. ‘ಇದು ಕರ್ತೃವಿನ ಮಾತೇ, ನನ್ನದೇನೂ ಇಲ್ಲ’ ಎಂದು ಪೀಠಿಕೆಯಲ್ಲಿ ವಿನಯದಿಂದ ಹೇಳುವ ಪರಿಷ್ಕರ್ತನೇ, ‘ಇದು ನನ್ನದು’ ಎಂದು ನ್ಯಾಯಾಲಯದಲ್ಲಿ ಹೇಳಬೇಕಾಗುವುದು. ಎರಡೂ ಮಾತುಗಳು ಒಟ್ಟಿಗೆ ನಿಲ್ಲಬೇಕಾದರೆ ದಾರಿಯೊಂದೇ: ಸ್ವರವು ಕರ್ತೃವಿನದು, ಶ್ರಮ ಮತ್ತು ನಿರ್ಣಯಗಳು ತನ್ನವು ಎಂದು ಗೆರೆಯೆಳೆದು ತೋರಿಸುವುದು. ಕೂಲಿಯನ್ನು ಶ್ರಮಕ್ಕೆ ಪಡೆಯಲಿ. ಪದಕ್ಕೆ ಬೇಲಿ ಹಾಕದಿರಲಿ. ಬಡ ಭಜನೆಮೇಳವೊಂದು ಹಾಡಲಾರದಂತಹ ಬೆಲೆಯನ್ನು ದಾಸರ ಪದಕ್ಕೆ ಇಟ್ಟರೆ, ಕಾಪಾಡಿದವರ ಮೊಮ್ಮಕ್ಕಳನ್ನೇ ಹೊರಗೆ ನಿಲ್ಲಿಸಿದಂತಾಗುವುದು.

ಬದುಕಿರುವ ವಾಗ್ಗೇಯಕಾರನಿಗೆ ತನ್ನ ಇಚ್ಛೆಯನ್ನು ತಾನೇ ಹೇಳುವ ಭಾಗ್ಯವುಂಟು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರವರ ಧನಸಹಾಯದಿಂದ ರಷ್ಯಾದೇಶದ ಮೆಟ್ನರನು ತನ್ನ ಮುಪ್ಪಿನಲ್ಲಿ, 1951ರಲ್ಲಿ ಗತಿಸುವ ಮುನ್ನ, ತಾನೇ ಪಿಯಾನೋ ನುಡಿಸಿ ತನ್ನ ಕೃತಿಗಳ ಧ್ವನಿಮುದ್ರಣವನ್ನು ಮಾಡಿಸಿದನು. ತನ್ನ ಮೂರನೆಯ ಪಿಯಾನೋ ಕಂಚರ್ಟೋವನ್ನು ಆತನು ಮಹಾರಾಜರಿಗೇ ಅರ್ಪಿಸಿದನು. ದೂರದೇಶದ ಕಲಾವಿದನ ನಿಜಧ್ವನಿಯನ್ನು ಉಳಿಸಲು ಕನ್ನಡನಾಡಿನ ಅರಸರು ನೆರವಾದುದು ಹೆಮ್ಮೆಯ ಸಂಗತಿ. ಅದೇ ನಾಡಿನ ಹಟ್ಟಿಗಳ, ಭಜನೆಮನೆಗಳ ಧ್ವನಿಯು ದಾಖಲೆಯಿಲ್ಲದೆ ಅಡಗಿಹೋದರೆ ಅದು ಹೆಮ್ಮೆಯ ಸಂಗತಿಯಾಗಲಾರದು.

ಗತಿಸಿದವನು ಬಂದು ದೂರು ಹೇಳಲಾರನು. ಅವನ ಪರವಾಗಿ ವಾದಿಸಲು ವಕೀಲನಿಲ್ಲ, ತಪ್ಪಿಗೆ ದಂಡವಿಲ್ಲ. ಆದುದರಿಂದಲೇ ಅವನ ವಿಷಯದಲ್ಲಿ ನಡೆದುಕೊಳ್ಳುವ ರೀತಿಯು ಮನುಷ್ಯನ ಸತ್ಯನಿಷ್ಠೆಗೆ ಒರೆಗಲ್ಲು. ಕರ್ತೃವಿಗೆ ನಿಷ್ಠೆ, ಉಳಿಸಿ ತಂದವರಿಗೆ ಕೃತಜ್ಞತೆ, ಮುಂದೆ ಹಾಡುವವರಿಗೆ ಮುಚ್ಚುಮರೆಯಿಲ್ಲದ ಲೆಕ್ಕ: ಈ ಮೂರು ಋಣಗಳನ್ನೂ ಒಪ್ಪಿಕೊಂಡವನು ಮಾತ್ರ ಪರರ ಅಂಕಿತವಿರುವ ಕೃತಿಯ ಮೇಲೆ ಲೇಖನಿಯನ್ನಿಡಲು ಅರ್ಹನು.