ಹಕ್ಕಿಯ ಬಂಧುತ್ವ, ಹಕ್ಕಿಯ ಅರಿವು

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳನ್ನು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳೆಂದು ಭಾವಿಸುವ ರೂಢಿ ತಲೆಮಾರುಗಳಿಂದ ನಡೆದುಬಂದಿದೆ. ಚಳಿಗಾಲದಲ್ಲಿ ಬರುವ ಈ ಹಕ್ಕಿಗಳು ಮನೆಗಳ ನಡುವಣ ಹುಣಸೆ, ಅತ್ತಿ ಮೊದಲಾದ ಮರಗಳಲ್ಲಿಯೇ ಗೂಡು ಕಟ್ಟಿ, ಮರಿಮಾಡಿ, ಮುಂಗಾರಿನ ವೇಳೆಗೆ ಹೊರಟುಹೋಗುತ್ತವೆ. ಹಿಂದೊಮ್ಮೆ ಪ್ಲೇಗಿನ ಕಾರಣದಿಂದ ಊರು ಶಿಂಷಾ ನದಿಯ ದಡವನ್ನು ಬಿಟ್ಟು ಈಗಿನ ಸ್ಥಳಕ್ಕೆ ಬಂದಾಗ ಹಕ್ಕಿಗಳೂ ಜನರ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಇಲ್ಲಿಗೆ ಬಂದು ಬರೆದ ಮೇಲೆ ಈ ಗ್ರಾಮದ ಹೆಸರು ಹೊರಜಗತ್ತಿಗೆ ತಿಳಿಯಿತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು.

ತವರಿನ ಮಾತು ಕೇಳಲು ಇಂಪಾಗಿದೆ. ಪಾಲಿಸುವುದು ಅಷ್ಟು ಸುಲಭವಲ್ಲ. ಹುಣಸೆ ಬಡಿಯುವ ಕಾಲವೂ ಗೂಡಿನ ಕಾಲವೂ ಒಂದೇ ಆದುದರಿಂದ ಮರದ ಒಡೆಯನು ಫಸಲಿನ ಆಸೆಯನ್ನು ಬಿಡಬೇಕು. ಅರಣ್ಯ ಇಲಾಖೆಯ ಪರಿಹಾರಧನವು ಬಂದದ್ದು ಬಹಳ ತಡವಾಗಿ. ಅಂಗಳದಲ್ಲಿ ಹಿಕ್ಕೆಯ ನಾತ, ಮೇಲಿಂದ ಉದುರಿದ ಮೀನಿನ ವಾಸನೆ. ಹಿಕ್ಕೆಯು ಹೊಲಕ್ಕೆ ಒಳ್ಳೆಯ ಗೊಬ್ಬರವೆಂಬುದೂ ನಿಜವೇ. ಆದರೆ ಗೊಬ್ಬರಕ್ಕಾಗಿ ಯಾರೂ ಯಾರನ್ನೂ ಮಗಳೆಂದು ಕರೆಯುವುದಿಲ್ಲ.

ಹಕ್ಕಿಯನ್ನು ಬಂಧುವೆನ್ನುವುದು ಒಂದು ನಿಲುವು. ತಾನೇ ಹಕ್ಕಿಯೆನ್ನುವುದು ಅದಕ್ಕಿಂತ ಮುಂದಿನ ಹೆಜ್ಜೆ. ಪಾಶ್ಚಾತ್ಯ ದೇಶಗಳಲ್ಲಿ 1990ರ ದಶಕದಿಂದೀಚೆಗೆ ತಮ್ಮನ್ನು ‘ಥೇರಿಯನ್’ ಎಂದು ಕರೆದುಕೊಳ್ಳುವ ಜನರಿದ್ದಾರೆ. ಕಾಡುಮೃಗವೆಂಬ ಅರ್ಥದ ಗ್ರೀಕ್ ಶಬ್ದದಿಂದ ಈ ಹೆಸರು ಬಂದಿದೆ. ತಮ್ಮ ದೇಹ ಮನುಷ್ಯದೇಹವೆಂಬುದು ಇವರಿಗೆ ಗೊತ್ತು. ಆದರೂ ಒಳಗಿರುವುದು ತೋಳ, ಬೆಕ್ಕು ಅಥವಾ ಹಕ್ಕಿಯೆಂಬ ಭಾವ ಇವರನ್ನು ಬಿಡದು. ಇದು ವೇಷವಲ್ಲ. ಕರಾವಳಿಯ ಹುಲಿವೇಷದ ಬಣ್ಣವು ನವರಾತ್ರಿ ಮುಗಿದೊಡನೆ ತೊಳೆದುಹೋಗುತ್ತದೆ. ಇವರ ಭಾವ ಹಾಗೆ ತೊಳೆದುಹೋಗುವಂಥದಲ್ಲ. ಇವರಲ್ಲಿ ವಿಚಾರವಂತರಾದವರು ತಮ್ಮದೆಂದು ಭಾವಿಸಿದ ಪ್ರಾಣಿಯ ನಿಜವಾದ ನಡವಳಿಕೆಯನ್ನು ಅಭ್ಯಾಸಮಾಡುತ್ತಾರೆ. ವಿಚಾರಣೀಯವಾದುದು ಈ ಅಭ್ಯಾಸವೇ.

ಶ್ರಾವಕರ ಮನೆಯಲ್ಲಿ ಮಗನೊಬ್ಬನು ‘ನನ್ನೊಳಗೆ ಹಕ್ಕಿಯಿದೆ’ ಎಂದರೆ ಹಿರಿಯರು ನಗಬಹುದು, ಗದರಬಹುದು. ಆದರೆ ನಗುವ ಮೊದಲು ಅವರು ತಮ್ಮ ಕಪಾಟಿನ ಗ್ರಂಥಗಳನ್ನು ನೆನೆಯಬೇಕು. ಜನ್ನನು 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನೂ ಅವನ ತಾಯಿಯೂ ನವಿಲು, ನಾಯಿಗಳಿಂದ ಮೊದಲುಗೊಂಡು ತಿರ್ಯಂಚ ಜನ್ಮಗಳನ್ನು ಒಂದಾದ ಮೇಲೊಂದರಂತೆ ಅನುಭವಿಸಿ, ಕಡೆಗೆ ಕೋಳಿಗಳಾಗಿ ಧರ್ಮವನ್ನು ಕೇಳುತ್ತಾರೆ. ಪೂಜ್ಯಪಾದಾಚಾರ್ಯರು ‘ಸಮಾಧಿತಂತ್ರ’ದಲ್ಲಿ ಬಹಿರಾತ್ಮನ ಲಕ್ಷಣವನ್ನು ಹೇಳುವಾಗ, ಅವನು ಮನುಷ್ಯದೇಹದಲ್ಲಿದ್ದರೆ ತಾನು ಮನುಷ್ಯನೆಂದೂ ತಿರ್ಯಂಚದೇಹದಲ್ಲಿದ್ದರೆ ತಾನು ತಿರ್ಯಂಚನೆಂದೂ ತಿಳಿಯುತ್ತಾನೆ ಎಂದಿದ್ದಾರೆ. ಹಾಗಾದರೆ ‘ನಾನು ಹಕ್ಕಿ’ ಎಂಬ ಮಗನ ಮಾತು ಎಷ್ಟು ತಪ್ಪೋ, ‘ನೀನು ಮನುಷ್ಯ, ಅಷ್ಟೇ’ ಎಂಬ ತಂದೆಯ ಮಾತೂ ಅಷ್ಟೇ ತಪ್ಪು. ಎರಡೂ ಪರ್ಯಾಯವನ್ನು ಹಿಡಿದು ದ್ರವ್ಯವೆಂದು ಬಗೆದ ಮಾತುಗಳೇ. ತಂದೆಗೆ ಇದು ಹೊಳೆಯುವುದು ಕಷ್ಟ. ಅವನ ಭ್ರಮೆಗೆ ಊರೆಲ್ಲ ಸಾಕ್ಷಿ ನಿಂತಿರುತ್ತದೆ.

ಇನ್ನು ಉಳಿಯುವ ಪ್ರಶ್ನೆ: ಮಗನು ಪ್ರೀತಿಸುತ್ತಿರುವುದು ಹಕ್ಕಿಯನ್ನೋ, ರೆಕ್ಕೆ ಹಚ್ಚಿದ ತನ್ನನ್ನೋ? ಈ ಮೋಸ ಅವನೊಬ್ಬನದಲ್ಲ. ಯುರೋಪಿನ ಕ್ರೈಸ್ತರು ಶತಮಾನಗಳ ಕಾಲ ಹೆಜ್ಜಾರ್ಲೆಯು ಎದೆಯನ್ನು ಸೀಳಿ ರಕ್ತದಿಂದ ಮರಿಗಳನ್ನು ಸಾಕುತ್ತದೆಂದು ನಂಬಿ, ಅದನ್ನು ತ್ಯಾಗದ ಚಿಹ್ನೆಯಾಗಿ ಚರ್ಚುಗಳಲ್ಲಿ ಕೆತ್ತಿದರು. ವಾಸ್ತವದಲ್ಲಿ ಮರಿಯು ತಾಯಿಯ ಗಂಟಲ ಚೀಲದೊಳಗೆ ತಲೆಯಿಟ್ಟು, ಕಕ್ಕಿದ ಮೀನನ್ನು ತಿನ್ನುತ್ತದೆ. ನಮ್ಮವರು ಇದಕ್ಕೆ ವಿಪರೀತವಾಗಿ ‘ಬಕಧ್ಯಾನ’ವೆಂದು ಕೊಕ್ಕರೆಗೆ ಕಪಟದ ಪಟ್ಟ ಕಟ್ಟಿದರು. ಬಣ್ಣದ ಕೊಕ್ಕರೆಯಂತೂ ಹಾಗೆ ನಿಂತು ಹೊಂಚುವ ಹಕ್ಕಿಯೇ ಅಲ್ಲ. ಅದು ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಮುಳುಗಿಸಿ ಅತ್ತಿತ್ತ ಆಡಿಸುತ್ತ, ಕಾಲಿನಿಂದ ನೀರನ್ನು ಕದಡುತ್ತ ನಡೆಯುತ್ತದೆ. ಮೀನು ತಗುಲಿದೊಡನೆ ಕೊಕ್ಕು ಮುಚ್ಚುತ್ತದೆ. ಅಲ್ಲಿ ತ್ಯಾಗವೂ ಇಲ್ಲ, ಕಪಟವೂ ಇಲ್ಲ. ಸ್ಪರ್ಶವಿದೆ, ಹಸಿವಿದೆ.

ಹೆಜ್ಜಾರ್ಲೆಯನ್ನು ಸ್ವಾತಂತ್ರ್ಯವೆಂದು ಭಾವಿಸಿದವನು ಬೆಳ್ಳೂರಿನ ಹುಣಸೆಮರದ ಕೆಳಗೆ ಒಂದು ವಾರ ಕುಳಿತರೆ ಬೇರೊಂದು ಹಕ್ಕಿಯನ್ನು ಕಾಣುವನು. ಗಂಡುಹೆಣ್ಣುಗಳು ಸರದಿಯಂತೆ ಸುಮಾರು ಒಂದು ತಿಂಗಳು ಬಿಸಿಲಿನಲ್ಲಿ ಕಾವು ಕೂರುತ್ತವೆ. ಮರಿಗಳು ಮೂರು ತಿಂಗಳಿಗೂ ಮೀರಿ ಗೂಡನ್ನು ಬಿಡವು. ಮರಿಗಳ ಗದ್ದಲ ಊರನ್ನೆಲ್ಲ ತುಂಬಿದರೂ ದೊಡ್ಡ ಹಕ್ಕಿಗಳು ಬಹುಮಟ್ಟಿಗೆ ಮೌನ. ಈ ಕುಲದ ಹಕ್ಕಿಗಳಲ್ಲಿ ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲ. ಮೊದಲು ಹುಟ್ಟಿದ ಮರಿ ಬಲಿತು, ಕೊನೆಯದು ಎಷ್ಟೋ ಸಲ ಒಡಹುಟ್ಟಿದವರ ಪಕ್ಕದಲ್ಲಿಯೇ ಹಸಿದು ಸಾಯುತ್ತದೆ. ‘ನಾನು ಹೆಜ್ಜಾರ್ಲೆ’ ಎನ್ನುವವನು ಇದನ್ನೂ ತನ್ನದೆನ್ನಬೇಕು. ಇದನ್ನು ಕಂಡು ಭಾವ ಕರಗಿದರೆ ಕರಗಲಿ, ಅದು ಹಕ್ಕಿಯದಾಗಿರಲಿಲ್ಲ. ಕಂಡ ಮೇಲೂ ಉಳಿದರೆ ಅದರಲ್ಲಿ ಅಹಂಕಾರದ ಪಾಲು ಕಡಿಮೆಯಾಗಿರುತ್ತದೆ. 2017ರ ಕೊನೆಯಲ್ಲಿ ಮತ್ತು 2018ರ ಆರಂಭದಲ್ಲಿ ಬೆಳ್ಳೂರಿನ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ, ಅವುಗಳ ಹೊಟ್ಟೆಯನ್ನು ಪರೀಕ್ಷಿಸಿದವರಿಗೆ ಜಂತುಹುಳುವಿನ ಬಾಧೆ ಕಂಡಿತು. ಕೆರೆಯ ನೀರಿನ ಕಡೆಗೆ ಬೆರಳು ತೋರಿದ್ದು ಆ ಪರೀಕ್ಷೆ. ಮಗಳೆಂಬ ಪ್ರೀತಿಗೆ ಅದು ತಾನಾಗಿ ತಿಳಿಯುತ್ತಿರಲಿಲ್ಲ.

ಇಲ್ಲಿ ಜೈನನಿಗೆ ಅತ್ಯಂತ ಕಠಿಣವಾದ ಭಾಗ ಬರುತ್ತದೆ, ಮೀನು. ಹೆಜ್ಜಾರ್ಲೆಯು ಸಂಜ್ಞೀ ಪಂಚೇಂದ್ರಿಯ ಜೀವಿ. ಅದರ ಚೀಲದಲ್ಲಿರುವ ಮೀನೂ ಪಂಚೇಂದ್ರಿಯವೇ. ‘ಉತ್ತರಪುರಾಣ’ದಲ್ಲಿ ವರ್ಧಮಾನ ಸ್ವಾಮಿಯ ಜೀವವು ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶದಿಂದ ವ್ರತ ಹಿಡಿದು, ಮಾಂಸವನ್ನು ತ್ಯಜಿಸಿ, ನಿರಾಹಾರದಿಂದ ದೇಹವನ್ನು ಬಿಟ್ಟಿತೆಂಬ ಕಥೆಯಿದೆ. ಪುರಾಣಕಾರರು ಸಿಂಹಕ್ಕೆ ಹುಲ್ಲು ತಿನ್ನಿಸಲಿಲ್ಲವೆಂಬುದನ್ನು ಗಮನಿಸಬೇಕು. ಸಿಂಹದ ಸ್ವಭಾವ ಅವರಿಗೆ ಗೊತ್ತಿತ್ತು. ಆದುದರಿಂದಲೇ ಆ ವ್ರತದ ಬೆಲೆ ಪ್ರಾಣವಾಯಿತು.

ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದಲ್ಲಿರುವ ಜೈನ ಪಕ್ಷಿ ಆಸ್ಪತ್ರೆಯಲ್ಲಿ ಮಾಂಸಾಹಾರಿ ಪಕ್ಷಿಗಳನ್ನು ಹೊರರೋಗಿಗಳಾಗಿ ಮಾತ್ರ ನೋಡುವ ಪದ್ಧತಿಯಿದೆ. ಗಾಯಕ್ಕೆ ಮದ್ದುಂಟು, ಒಳಗೆ ಹಾಸಿಗೆಯಿಲ್ಲ. ಒಳಗಿಟ್ಟುಕೊಂಡರೆ ಮಾಂಸ ಉಣಿಸಬೇಕಾಗುತ್ತದೆ. ಇದನ್ನು ಟೀಕಿಸಿದವರಿದ್ದಾರೆ. ಆದರೆ ಆ ನಿಯಮದಲ್ಲಿ ಒಂದು ಪ್ರಾಮಾಣಿಕತೆಯಿದೆ: ಗಿಡುಗವು ಕಾಳು ತಿನ್ನುತ್ತದೆಂದು ಅದು ನಟಿಸುವುದಿಲ್ಲ. ಬೆಳ್ಳೂರಿನವರು ಇನ್ನೊಂದು ದಾರಿ ಹಿಡಿದರು. ಗೂಡಿನಿಂದ ಬಿದ್ದ ಹೆಜ್ಜಾರ್ಲೆಯ ಮರಿಯನ್ನು ತಾಯಿಯು ಕೆಳಗಿಳಿದು ಉಣಿಸುವುದಿಲ್ಲ. 1990ರ ದಶಕದಲ್ಲಿ ಮೈಸೂರಿನ ನಿಸರ್ಗಾಸಕ್ತರ ಒತ್ತಾಸೆಯಿಂದ ಊರಿನ ಯುವಕರು ಕಟ್ಟಿದ ಹೆಜ್ಜಾರ್ಲೆ ಬಳಗವು ಅಂಥ ಮರಿಗಳನ್ನು ಬೇಲಿಕಟ್ಟಿದ ಆವರಣದಲ್ಲಿಟ್ಟು, ಹಾರುವ ಶಕ್ತಿ ಬರುವವರೆಗೆ ಸಾಕಿ ಬಿಡುವ ಕೆಲಸ ಮಾಡಿತು.

ಸಾಕುವುದೆಂದರೆ ಮೀನು ತಂದು ಹಾಕುವುದು. ತನ್ನೊಳಗೆ ಹಕ್ಕಿಯಿದೆಯೆಂದ ಶ್ರಾವಕಪುತ್ರನು ಆ ಬೇಲಿಯ ಬಳಿ ನಿಂತಾಗ ಮರಿಯು ಅವನ ಕಡೆಗೂ ಬಾಯಿ ತೆರೆಯುತ್ತದೆ. ಪಕ್ಕದ ಬುಟ್ಟಿಯಲ್ಲಿ ಮೀನುಗಳಿವೆ; ಕೆಲವು ಇನ್ನೂ ಮಿಸುಕುತ್ತಿವೆ.