ಯಾರ ಮುಖ ನೋಡಿ ಇಟ್ಟ ಹೆಸರು

ನನ್ನ ಮಗಳಿಗೆ ಎರಡು ಹೆಸರು. ದಾಖಲೆಯಲ್ಲಿರುವುದು ಸಾನಿಕಾ. ಇನ್ನೊಂದು ಹೆಸರಿನಿಂದ ಅವಳನ್ನು ಕರೆಯುತ್ತಿದ್ದವಳು ನನ್ನ ಅವ್ವ ಒಬ್ಬಳೇ. ಅವ್ವ 2009ರಲ್ಲಿ ತೀರಿಕೊಂಡಳು. ಆ ಹೆಸರು ಅವಳ ಜೊತೆಗೇ ಹೋಯಿತೋ, ಇನ್ನೂ ಎಲ್ಲಾದರೂ ಉಳಿದಿದೆಯೋ ಎಂದು ಆಗಾಗ ಯೋಚಿಸುತ್ತೇನೆ.

1996ರಲ್ಲಿ ಮಗಳು ಹುಟ್ಟಿದಾಗ ನಾವು ಡೊಂಬಿವಲಿ ಪೂರ್ವದಲ್ಲಿ ಬಾಡಿಗೆಗಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ. ಹೆಂಡತಿಗೆ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆ ಇಲ್ಲೇ ಆಯಿತು. ಬಾಣಂತನಕ್ಕೆಂದು ಅವ್ವ ರೋಣದ ಕಡೆಯ ನಮ್ಮ ಹಳ್ಳಿಯಿಂದ ಹೊರಟು, ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಬಂದಳು. ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿದವಳೇ ಕೈಮುಗಿದಳು. ಬಸವಣ್ಣನ ಕಲ್ಯಾಣ ಬೀದರ ಜಿಲ್ಲೆಯಲ್ಲಿದೆ, ಇದು ಬೇರೆ ಎಂದೆ. "ಇರ್ಲಿ ಬಿಡೊ, ಹೆಸರರ ಅದ ಐತೆಲ್ಲ" ಅಂದಳು. ಹೆಸರು ಒಂದೇ ಆದರೆ ಅದರ ಹಿಂದಿನ ಜೀವವೂ ತುಸು ಬಂದಿರುತ್ತದೆ ಎಂಬುದು ಅವಳ ನಂಬಿಕೆ. ಹಾಗಾಗಿಯೇ ಮೊಮ್ಮಗಳಿಗೆ ತನ್ನ ತಾಯಿ ನೀಲವ್ವನ ಹೆಸರಿಡಬೇಕೆಂದು ಊರಿನಿಂದಲೇ ನಿಶ್ಚಯಿಸಿಕೊಂಡು ಬಂದಿದ್ದಳು.

ನಾನು ಮೊದಲು ಹೂಂ ಅಂದಿದ್ದೆ. ಆಮೇಲೆ ಮನಸ್ಸು ಹಿಂಜರಿಯಿತು. ನನ್ನ ಹೆಸರು ಮಲ್ಲಪ್ಪ. ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯಲ್ಲಿ ಅದು ಹಾಜರಿ ಪುಸ್ತಕಕ್ಕೆ ಮಾತ್ರ. ಲೋಕಲ್ ಗಾಡಿಯ ಗೆಳೆಯರಿಗೆ ನಾನು 'ಅಣ್ಣಾ'. ಇಲ್ಲಿ ದಕ್ಷಿಣದವರೆಲ್ಲ ಅಣ್ಣಂದಿರೇ, ಇಡ್ಲಿ ಮಾರುವವನೂ ಅಣ್ಣಾ, ಲೆಕ್ಕ ಬರೆಯುವವನೂ ಅಣ್ಣಾ. ಅದರಲ್ಲಿ ದ್ವೇಷವೇನೂ ಇರಲಿಲ್ಲ. ಆದರೆ ಹತ್ತು ವರ್ಷ ಹೆಗಲಿಗೆ ಹೆಗಲು ತಾಗಿಸಿ ನಿಂತು ಬಂದವರಿಗೂ ನನ್ನ ಹೆಸರು ಬೇಕಾಗಿರಲಿಲ್ಲ. ಮಗಳಿಗೆ ಆ ಪಾಡು ಬೇಡ ಅನ್ನಿಸಿತು. ಹೆಂಡತಿಯ ತಕರಾರು ಬೇರೆ: "ನಿಮ್ಮ ಅಜ್ಜಿ ಹೆಸರಿಟ್ರ, ನಾಳೆ ಹುಡುಗಿಗೆ ಬೈಯೂದು ಹ್ಯಾಂಗ್ರಿ?" ಊರಲ್ಲಿ ಇದಕ್ಕೊಂದು ಉಪಾಯವಿದೆ. ತೊಟ್ಟಿಲಲ್ಲಿ ಹಿರಿಯರ ಹೆಸರಿಟ್ಟು, ಕರೆಯುವುದಕ್ಕೆ ಇನ್ನೊಂದು ಹೆಸರು ಇಟ್ಟುಕೊಳ್ಳುತ್ತಾರೆ. ಆದರೆ ಶಾಲೆಯ ಫಾರಂ ಕೇಳುವುದು ತೊಟ್ಟಿಲ ಹೆಸರನ್ನೇ.

ಇಲ್ಲಿಯ ಫಾರಂಗಳ ಅಚ್ಚಿಗೆ ಹೊಂದಿಕೊಳ್ಳುವ ಕಷ್ಟ ನಮಗೊಬ್ಬರಿಗೇ ಅಲ್ಲ. ತನ್ನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂಬ ಮಹಾರಾಷ್ಟ್ರದ ಕ್ರಮ ನಮ್ಮ ಉತ್ತರ ಕರ್ನಾಟಕದವರಿಗೆ ಹೊಸದಲ್ಲ. ಬೇಂದ್ರೆಯವರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಕುವೆಂಪು ಅವರ ಕಡೆ ಇದು ತಿರುಗುಮುರುಗು: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಊರು ಮೊದಲು, ತಂದೆ ಆಮೇಲೆ, ತಾನು ಕಡೆಗೆ. ನಮ್ಮ ಬಿಲ್ಡಿಂಗಿನಲ್ಲಿದ್ದ ಹಾಸನ ಕಡೆಯವರೊಬ್ಬರು ಕೊನೆಯ ಕಾಲಮ್ಮಿಗೆ ಏನು ಬರೆಯಬೇಕೆಂದು ತಿಳಿಯದೆ ತಮ್ಮ ಊರಿನ ಹೆಸರನ್ನೇ ಬರೆದುಬಿಟ್ಟರು. ಈಗ ಅವರ ಮೊಮ್ಮಕ್ಕಳು ಕಣ್ಣಿಂದ ನೋಡದ ಊರನ್ನು ಹೆಸರಿನ ತುದಿಗೆ ಕಟ್ಟಿಕೊಂಡು ಓಡಾಡುತ್ತಾರೆ. ನಾವು ಬಿಟ್ಟು ಬಂದದ್ದು ಮಕ್ಕಳಿಗೆ ಹೀಗೂ ದಾಟುತ್ತದೆ, ಅವರನ್ನು ಕೇಳದೆ.

ಕಡೆಗೆ ಹೆಸರುಗಳ ಪುಸ್ತಕವೊಂದನ್ನು ಕೊಂಡು ತಂದೆ. ಸಾನಿಕಾ ಅಂದರೆ ಕೊಳಲು ಎಂದು ಅದರಲ್ಲಿತ್ತು. ನಾಲಿಗೆಗೆ ಹಗುರ, ಮರಾಠಿ ಕಿವಿಗೆ ಹಿತ. ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆಯಾಗಿ ನನ್ನ ತಂಗಿ ಮಗುವಿನ ಕಿವಿಯಲ್ಲಿ 'ಕುರ್‍' ಎಂದು ಆ ಹೆಸರು ಹೇಳಿದಳು. ಪಕ್ಕದ ಮನೆಯ ಮರಾಠಿ ಹೆಂಗಸರು ಇದು ತಮ್ಮದೇ ಬಾರಸೆಯಂತಿದೆಯಲ್ಲ ಎಂದು ನಕ್ಕರು. ಎಲ್ಲರೂ ಎದ್ದ ಮೇಲೆ ಅವ್ವ ತೊಟ್ಟಿಲಿಗೆ ಬಗ್ಗಿ ಇನ್ನೊಂದು ಕಿವಿಯಲ್ಲಿ ಏನೋ ಹೇಳಿದಳು. ಏನಂದಿ ಎಂದೆ. "ನಂದು ನಾ ಹೇಳೀನಿ" ಅಂದಳು. ಮುಂದೆ ಹದಿಮೂರು ವರ್ಷ, ಬಂದಾಗಲೆಲ್ಲ, ಫೋನಿನಲ್ಲೂ, ಅವಳಿಗೆ ಅದು ನೀಲವ್ವನೇ.

ಮಗುವಿನ ಒಳ್ಳೆಯದಕ್ಕೆ ಹಾಗೆ ಮಾಡಿದೆ ಎಂದು ಬಹಳ ಕಾಲ ನಂಬಿದ್ದೆ. ನಮ್ಮ ಕಡೆ ಹುಟ್ಟಿದ ಮಕ್ಕಳು ಸಾಯುತ್ತಿದ್ದರೆ, ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಾಡಿಸಿ ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಸಾವು ಅದರ ಮೇಲೆ ಆಸೆಪಡದಿರಲಿ ಎಂದು. ಮರಾಠಿಯ ಧೋಂಡು, ಅಂದರೆ ಕಲ್ಲು, ಇದೇ ಬಗೆಯದು. ಹೆಣ್ಣುಮಕ್ಕಳೇ ಹುಟ್ಟಿದ ಮನೆಯಲ್ಲಿ ಸಾಕವ್ವ ಎಂಬ ಹೆಸರೂ ಇತ್ತು. ಮಹಾರಾಷ್ಟ್ರದಲ್ಲಿ ಅದು ಇನ್ನೂ ನಿಷ್ಠುರ: ನಕೂಶಾ, ಬೇಡವಾದವಳು. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯಲ್ಲಿ ಈ ಹೆಸರು ಹೊತ್ತಿದ್ದ 280ಕ್ಕೂ ಹೆಚ್ಚು ಹುಡುಗಿಯರಿಗೆ ಜಿಲ್ಲಾ ಆಡಳಿತ ಸಮಾರಂಭ ಮಾಡಿ ಹೊಸ ಹೆಸರು ಕೊಡಿಸಿತು. ಹಲವರು ತಮ್ಮ ಹೆಸರನ್ನು ತಾವೇ ಆರಿಸಿಕೊಂಡರು.

ತಿಪ್ಪವ್ವ, ನಕೂಶಾ ಎರಡೂ ಕೇಳಲು ಒರಟು. ಒಂದು ಸಾವನ್ನು ಎದುರಿಗಿಟ್ಟುಕೊಂಡು ಪ್ರೀತಿಯಿಂದ ಆಡಿದ ಸುಳ್ಳು, ಇನ್ನೊಂದು ಮಗುವಿಗೇ ಹೇಳಿದ ನಿಜ. ಹಾಗಾದರೆ ಹೆಸರಿನ ಅರ್ಥಕ್ಕಿಂತ, ಅದನ್ನು ಯಾರ ಮುಖ ನೋಡಿ ಇಟ್ಟರು ಎಂಬುದೇ ದೊಡ್ಡದಲ್ಲವೆ? ಅವ್ವ ನೋಡಿದ್ದು ಸತ್ತುಹೋದ ತನ್ನ ತಾಯಿಯ ಮುಖವನ್ನು. ನಾನು ನೋಡಿದ್ದು ಲೋಕಲ್ ಗಾಡಿಯ ಮುಖಗಳನ್ನು. ತೊಟ್ಟಿಲಲ್ಲಿದ್ದ ಮುಖವನ್ನು ಇಬ್ಬರೂ ನೋಡಿರಲಿಲ್ಲ. ಆದರೂ ನಮ್ಮಿಬ್ಬರಲ್ಲಿ ವ್ಯತ್ಯಾಸವಿತ್ತು. ಅವ್ವ ತನ್ನ ಆಸೆಯನ್ನು ತನ್ನದು ಎಂದೇ ಹೇಳಿದಳು. ನಾನು ನನ್ನ ನಾಚಿಕೆಗೆ ಮಗಳ ಅನುಕೂಲ ಎಂದು ಹೆಸರಿಟ್ಟೆ.

ಅವ್ವ ಹೋದ ಮೇಲೆ ಒಂದು ದಿನ, ಮನಸ್ಸು ತಡೆಯದೆ, ಮಗಳನ್ನು ನೀಲವ್ವಾ ಎಂದು ಕರೆದೆ. ಅವಳು ಪುಸ್ತಕದಿಂದ ತಲೆ ಎತ್ತಿ, "ನೀನು ಕರೀಬ್ಯಾಡ ಅಪ್ಪಾ, ಅದು ಅಜ್ಜೀದು" ಅಂದಳು. ಕೋಪವಿರಲಿಲ್ಲ, ಆದರೆ ನನಗೆ ಚುರುಕ್ಕೆಂದಿತು. ಬೇಡವೆಂದು ಬಿಟ್ಟ ಹೆಸರನ್ನು ಬೇಕಾದಾಗ ಎತ್ತಿಕೊಳ್ಳುವ ಹಕ್ಕು ನನಗಿರಲಿಲ್ಲ. ಕರೆದವಳು ಮತ್ತು ಓಗೊಟ್ಟವಳು, ಆ ಹೆಸರು ಅವರಿಬ್ಬರದು.

2025ರಲ್ಲಿ ಸಾನಿಕಾಳಿಗೆ ನವಿ ಮುಂಬಯಿಯಲ್ಲಿ ಹೆಣ್ಣು ಮಗು ಹುಟ್ಟಿತು. ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ನಂತರ ತಾಯಿಯ ಹೆಸರು, ಆಮೇಲೆ ತಂದೆಯದು, ಕಡೆಗೆ ಮನೆತನದ್ದು ಬರಬೇಕೆಂದು ಮಹಾರಾಷ್ಟ್ರದ ಸಂಪುಟ 2024ರ ಮಾರ್ಚಿನಲ್ಲಿ ತೀರ್ಮಾನಿಸಿದೆ. ಅಂದರೆ ಆ ಪುಸ್ತಕದಿಂದ ನಾನು ಆರಿಸಿದ ಹೆಸರು ಇನ್ನೊಂದು ಜೀವಕ್ಕೂ ಅಂಟಿಕೊಳ್ಳುತ್ತದೆ. ನೀಲವ್ವ ನಿಲ್ಲಬಹುದಾಗಿದ್ದ ಜಾಗದಲ್ಲಿ ಸಾನಿಕಾ ನಿಲ್ಲುತ್ತಾಳೆ.

ಬೀಗರ ಮನೆಯವರು ಹೆಸರು ಬೇಗ ಹೇಳಿ, ಬೇಗ ಹೇಳಿ ಎನ್ನುತ್ತಿದ್ದರು. ಮಗಳು ಅವಸರ ಮಾಡಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಹುಟ್ಟಿದ್ದನ್ನು 21 ದಿನದೊಳಗೆ ತಿಳಿಸಬೇಕು. ಹೆಸರಿಗೆ ಮಾತ್ರ ಅಷ್ಟು ಅವಸರವಿಲ್ಲ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಈ ನಿಯಮ ಗೊತ್ತಾಗಿದ್ದೇ ಅವಳಿಂದ. "ಮೊದಲು ಇವಳು ಯಾರು ಅಂತ ಸ್ವಲ್ಪ ನೋಡ್ತೀನಿ" ಅಂದಳು.

ಆಮೇಲೆ ನನ್ನ ಕಡೆ ತಿರುಗಿ, "ನಿನಗೇನಾದ್ರೂ ಹೆಸರು ಹೊಳೀತದೇನು?" ಎಂದು ಕೇಳಿದಳು. ನಾಲಿಗೆಯ ತುದಿಗೆ ಬಂದದ್ದು ಯಾವುದೆಂದು ಅವಳಿಗೂ ಗೊತ್ತಿತ್ತು. ಇಲ್ಲವ್ವ, ಎಂದೆ. ಮಗು ಎಚ್ಚರವಾಗಿತ್ತು. ಅದರ ಮುಖ ನೋಡುತ್ತಾ ಕೂತೆ.